ಗೋಡೆಯಾಚೆಯ ಸದ್ದು

ಗುರುವಾರ, ೧೪ ಮಾರ್ಚ್

ನಿದ್ದೆ ಹತ್ತಿರ ಸುಳಿಯುತ್ತಿಲ್ಲ. ಆಸ್ಪತ್ರೆಯ ಕಂಪ್ಯೂಟರ್ ಸರ್ವರ್ ಬಿಸಿಯೇರಿ ನಿಂತುಹೋಗುತ್ತಿದೆಯೆಂದು ಸೋಮವಾರ ಅದರ ಫ್ಯಾನುಗಳನ್ನು ಪೂರ್ತಿ ಜೋರು ಮಾಡಿದವನು ನಾನೇ. ಗೋಡೆಯಾಚೆ ಕಿವಿ ಪರೀಕ್ಷೆಯ ಕೋಣೆಯಿರುವುದು ತಲೆಗೇ ಹೋಗಲಿಲ್ಲ.

ನಿನ್ನೆ ಕಿವಿ ಮಂದವೆಂದು ಬರೆಸಿಕೊಂಡ ಮಗುವಿನ ತಾಯಿ ಇವತ್ತು ವಾಪಸ್ ಬಂದು ಪಟ್ಟು ಹಿಡಿದಳು: "ಮನೇಲಿ ಪಿಸುಗುಟ್ಟಿದ್ರೂ ಕೇಳಿಸ್ಕೊಳ್ತಾಳೆ, ಇದ್ಹೇಗೆ?" ಪರೀಕ್ಷೆ ಮಾಡುವ ಮೇಡಂ ನನ್ನ ಬಳಿ ಬಂದು, "ಸ್ವಲ್ಪ ಹೊತ್ತು ಆ ಫ್ಯಾನಿನ ಸದ್ದು ಕಮ್ಮಿ ಮಾಡಿ" ಎಂದರು. ಮಾಡಿದೆ. ಮತ್ತೆ ಪರೀಕ್ಷಿಸಿದಾಗ ಮಗು ಪ್ರತಿ ಸಣ್ಣ ದನಿಗೂ ಕೈ ಎತ್ತಿತು. ನಿನ್ನೆ ಆ ದನಿಗಳೆಲ್ಲ ನನ್ನ ಫ್ಯಾನಿನ ಸದ್ದಿನಲ್ಲಿ ಮುಳುಗಿಹೋಗಿದ್ದವು.

ಫ್ಯಾನ್ ಇಳಿಸಿದರೆ ಸರ್ವರ್ ಅರ್ಧ ಗಂಟೆಯಲ್ಲೇ ಬಿಸಿಯೇರುತ್ತದೆ. ಅದರ ಭಾರದ ಕೆಲಸಗಳನ್ನೆಲ್ಲ ಪರೀಕ್ಷೆಗಳು ಮುಗಿಯುವ ಸಂಜೆಗೆ ತಳ್ಳಿ, ಹಗಲು ಫ್ಯಾನಿಗೆ ಅರ್ಧ ವೇಗ ಸಾಕಾಗುವಂತೆ ಮಾಡಿ ಬಂದೆ. ಅದೇನೋ ಬಗೆಹರಿಯಿತು.

ಆದರೆ ಈ ನಾಲ್ಕು ದಿನ ಆ ಕೋಣೆಯಲ್ಲಿ ಇನ್ನೂ ಹದಿನೇಳು ಮಂದಿ ಪರೀಕ್ಷೆಗೆ ಕೂತಿದ್ದರು. ತಪ್ಪು ನನ್ನದೆಂದು ಮೇಡಂಗೆ ಹೇಳಿದೆ. ಮತ್ತೆ ಪರೀಕ್ಷೆಗೆ ಬನ್ನಿರೆಂದು ಇಬ್ಬರೂ ಕೂತು ಎಲ್ಲರಿಗೂ ಫೋನ್ ಮಾಡಿದೆವು. ಹದಿನಾರು ಜನ ಸಿಕ್ಕರು. ಕಿವಿ ಸರಿಯಿಲ್ಲವೆಂಬ ನಮ್ಮ ವರದಿ ಹಿಡಿದು ಹೋದ ಬಸ್ ಚಾಲಕನೊಬ್ಬ ಮಾತ್ರ ಎತ್ತುತ್ತಿಲ್ಲ. ಆ ಕಾಗದದಿಂದ ಅವನ ಕೆಲಸವೇ ಹೋಗಬಹುದು. ಬೆಳಿಗ್ಗೆ ಡಿಪೋ ಬಾಗಿಲಲ್ಲೇ ಹೋಗಿ ನಿಲ್ಲಬೇಕು. ಏನೆಂದು ಶುರು ಮಾಡಲಿ? "ಅಣ್ಣಾ, ನಿಮ್ಮ ಕಿವೀಲಿ ದೋಷ ಇಲ್ದೇ ಇರಬಹುದು, ನಾನು..."