ರಜಾಯಿಯ ಕೆಂಪು ತೇಪೆ

ಮೂಡಲಗಿ
೧೫ ಡಿಸೆಂಬರ್ ೨೦೨೫

ಪ್ರೀತಿಯ ಮಗಳು ಅಲ್ಮಾಸಳಿಗೆ,

ಪುಣೆಯ ಥಂಡಿಗೆ ನಿನ್ನ ಕೆಮ್ಮು ಹೆಚ್ಚಾಗಿಲ್ಲ ತಾನೆ? ಹಳೆಯ ಕಾಗದಗಳ ಧೂಳಿನಲ್ಲಿ ಕುಳಿತು ಊಟ ಮರೆಯಬೇಡ. ಅಮ್ಮಿ ಆರಾಮಾಗಿದ್ದಾಳೆ. ನನ್ನ ಮೊಣಕಾಲು ಮಾತ್ರ ಹತ್ತಿ ಹಿಂಜುವ ಯಂತ್ರದಂತೆ ಸದ್ದು ಮಾಡುತ್ತದೆ.

ನಿನ್ನ ಪುಸ್ತಕ ಬಂತು. ನಾಲ್ಕು ಕಾದಂಬರಿ ಬರೆದಾಗ ಜನ ‘ಕತಿ ಚಲೋ ಕಟ್ಟತಾಳ’ ಎಂದು ಸುಮ್ಮನಾಗಿದ್ದರು. ಇದು ನಮ್ಮ ಸೀಮೆಯ ಖರೆ ಇತಿಹಾಸ. ‘ಇದರಲ್ಲಿ ಕಟ್ಟಿದ್ದು ಒಂದು ಸಾಲೂ ಇಲ್ಲ’ ಎಂದು ಮೊದಲ ಪುಟದಲ್ಲೇ ಬರೆದಿದ್ದೀಯಲ್ಲ, ಗೋಕಾಕದ ಸಂತೆಯಲ್ಲಿ ಗಾದಿ ಮಾರುತ್ತ ಆ ಸಾಲನ್ನು ಎಷ್ಟು ಜನರಿಗೆ ಓದಿ ಹೇಳಿದೆನೋ. ನೂರಾ ಹನ್ನೆರಡನೆಯ ಪುಟವಂತೂ ಬಾಯಿಪಾಠವಾಗಿದೆ. ನಮ್ಮ ಮುತ್ತಜ್ಜ ಕೌಜಲಗಿಯ ಕುರುಬರ ಅರ್ಜಿಯನ್ನು ರಜಾಯಿಯ ಹತ್ತಿಯೊಳಗೆ ಹೊಲಿದು, ಬ್ರಿಟಿಷರ ಸಿಪಾಯಿಗಳ ಕಣ್ಣು ತಪ್ಪಿಸಿ ಬೆಳಗಾವಿಗೆ ಮುಟ್ಟಿಸಿದ್ದು, ಅರ್ಜಿ ತೆಗೆದ ಜಾಗಕ್ಕೆ ಕೆಂಪು ತೇಪೆ ಹಾಕಿದ್ದು. ಕೆಳಗೆ ಸಣ್ಣಕ್ಷರದಲ್ಲಿ ‘ಹೇಳಿದವರು: ಬಾಬಾಲಾಲ ನದಾಫ, ಮೂಡಲಗಿ’. ಶಾಲೆಯಲ್ಲಿ ಏಳನೇ ಇಯತ್ತೆ ದಾಟದವನ ಹೆಸರು ಇತಿಹಾಸದ ಪುಸ್ತಕದಲ್ಲಿ. ಎದೆಯುಬ್ಬಿ ಅಂಗಿಯ ಗುಂಡಿ ಹರಿಯಿತು ಎಂದು ಅಮ್ಮಿ ನಗುತ್ತಾಳೆ.

ಹುಕ್ಕೇರಿಯ ಒಂದು ಕಾಲೇಜಿನವರು ನಮ್ಮ ಮನೆಯ ಆ ರಜಾಯಿಯನ್ನು ಗಾಜಿನ ಕಪಾಟಿನಲ್ಲಿ ಇಡುತ್ತಾರಂತೆ. ಅಮ್ಮಿ ಅದನ್ನು ಎರಡು ದಿನ ಬಿಸಿಲಿಗೆ ಹಾಕಿದಳು. ಕೌಜಲಗಿಯಿಂದ ನನ್ನ ಗೆಳೆಯ ಮಾಲಿಂಗಪ್ಪ ಅದನ್ನು ನೋಡಲೆಂದೇ ಬಂದಿದ್ದ. ‘ನಮ್ಮ ಹಿರೇರ ಅರ್ಜಿ ನಿಮ್ಮ ಮುತ್ಯಾ ಮುಟ್ಟಿಸ್ಯಾನಂದ್ರ ನಾವು ನೀವು ಒಂದ ಮನಿಯವ್ರು ಆದ್ವಿ’ ಎಂದು ತೇಪೆಯನ್ನು ಕಣ್ಣಿಗೆ ಒತ್ತಿಕೊಂಡ. ನಾನು ಚಹಾ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ನಿನ್ನ ಕಣ್ಣಿಗೂ ಕೈಗೂ ಅಲ್ಲಾಹ ಬಲ ಕೊಡಲಿ. ಅಮ್ಮಿಯ ದುವಾ ಇದರೊಂದಿಗಿದೆ.

ನಿನ್ನ ಅಬ್ಬಾ,
ಬಾಬಾಲಾಲ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಹೇಳಿಬಿಡುತ್ತೇನೆ. ಆ ತೇಪೆ ನಾನೇ ಹಾಕಿದ್ದು. ನನ್ನ ಬೀಡಿಯ ಕಿಡಿ ಬಿದ್ದು ರಜಾಯಿ ಸುಟ್ಟಿತ್ತು. ಅಮ್ಮಿಗೆ ಹೆದರಿ ಅವಸರದಲ್ಲಿ ಹೊಲಿಯುತ್ತಿದ್ದಾಗ ‘ಇದೇನ ಅಬ್ಬಾ’ ಎಂದು ನೀನು ಬಂದೆ. ಆಗ ನಿನಗೆ ಆರು ವರ್ಷ. ಮುತ್ತಜ್ಜನ ಕಾಲದ ತೇಪೆ ಬಿಚ್ಚಿಕೊಂಡಿದೆ ಎಂದು, ಬಾಯಿಗೆ ಬಂದಂತೆ ಆ ಅರ್ಜಿಯ ಕಥೆ ಕಟ್ಟಿ ಹೇಳಿದೆ. ಅದನ್ನು ನೀನು ಇಷ್ಟು ವರ್ಷ ಜೋಪಾನ ಮಾಡುತ್ತೀ ಎಂದುಕೊಂಡಿರಲಿಲ್ಲ. ಮುಂದಿನ ಮುದ್ರಣದಲ್ಲಿ ಆ ಕಥೆಯನ್ನೂ ನನ್ನ ಹೆಸರನ್ನೂ ತೆಗೆದುಹಾಕು. ಮಾಲಿಂಗಪ್ಪನಿಗೆ, ಹುಕ್ಕೇರಿಯವರಿಗೆ, ಅಮ್ಮಿಗೆ ನಾನೇ ಹೇಳುತ್ತೇನೆ. ನಿನ್ನ ಮೊದಲ ಪುಟದ ಸಾಲು ಖರೆಯಾಗಿಯೇ ಉಳಿಯಬೇಕು, ಅದನ್ನು ಸಂತೆಯಲ್ಲಿ ಓದಿ ಹೇಳಿದವನು ನಾನು.