ಏಳನೇ ಲಾರಿಯ ರಾಮಲಿಂಗಂ

ಫಾತಿಮಾ, ನನ್ನ ಜೀವದ ಗೆಳತೀ,

ಹೆಸರು ನೋಡಿದ ಕೂಡಲೇ ಹರಿದು ಹಾಕಬೇಡ ಕಣೇ. ಕೊನೆವರೆಗೆ ಓದು, ಆಮೇಲೆ ನಿನ್ನಿಷ್ಟ.

ಪೀಳಮೇಡಿನ ಅದೇ ರೂಮಿನಲ್ಲಿ ಒಬ್ಬಳೇ ಇದ್ದೇನೆ. ನಿನ್ನ ಮಂಚದ ಮೇಲೆ ಒಗೆದ ಬಟ್ಟೆ ಪೇರಿಸಿದ್ದೇನೆ, ಖಾಲಿ ಕಾಣಬಾರದು ಅಂತ. ಆಫೀಸಿನಲ್ಲೂ ತಮಿಳು, ಕೆಳಗಿನ ಮನೆಯ ಮಲ್ಲಿಗಾ ಅಕ್ಕನ ಹತ್ತಿರವೂ ತಮಿಳು. ಹಾಲು ಉಕ್ಕಿದಾಗ ನನ್ನನ್ನು ನಾನೇ ಬೈದುಕೊಳ್ಳುವುದು ಮಾತ್ರ ಕನ್ನಡದಲ್ಲಿ. ಆರು ತಿಂಗಳಿಂದ ನನ್ನ ಕನ್ನಡ ಅಷ್ಟೇ.

ಮೊದಲ ವಾರ ನೀನು ಕಲಿಸಿದ್ದು ನೆನಪಿದೆಯಾ? "ಕಂಪ್ಯೂಟರಿನ ರ‍್ಯಾಂಡಮ್ ನಂಬರ್ ಎಲ್ಲಾ ನಾಟಕ ಲೇ. ಶುರುವಿಗೆ ಸೀಡ್ ಅಂತ ಒಂದು ನಂಬರ್ ಕೊಡ್ತೀವಲ್ಲ, ಅದೇ ಸೀಡ್ ಕೊಟ್ಟರೆ ಅದೇ ನಂಬರ್, ಅದೇ ಸಾಲಿನಾಗ ಬರ್ತಾವ." ನಮ್ಮ ರೂಮ್ ನಂಬರ್ 214ನ್ನೇ ನೀನು ಸೀಡ್ ಮಾಡಿದೆ. ಮೆಟ್ಟುಪಾಳ್ಯಂನ ಧನಪಾಲ್ ಅವರ ತರಕಾರಿ ಮಂಡಿಗೆ ಲಾರಿಯ ಸರಕು ಇಳಿಸುವ ಕಟ್ಟೆ ಎಷ್ಟು ಬೇಕು ಅಂತ, ಕಂಪ್ಯೂಟರಿನಲ್ಲೇ ಲಾರಿಗಳನ್ನು ಓಡಿಸಿ ಲೆಕ್ಕ ಹಾಕುವ ಸಿಮ್ಯುಲೇಶನ್ ಅದು. 214ರ ದಿನ ಎಲ್ಲ ಲಾರಿಗಳೂ ಸರಿಯಾಗಿ ಬರುತ್ತಿದ್ದವು, ಏಳನೆಯದು ಮಾತ್ರ ಅರ್ಧ ಗಂಟೆ ತಡ. ಅದರ ಡ್ರೈವರಿಗೆ ರಾಮಲಿಂಗಂ ಅಂತ ಹೆಸರಿಟ್ಟವಳೂ ನೀನೇ. "ಬಂದ ನೋಡಲೇ ನಮ್ಮ ರಾಮಲಿಂಗಂ, ಚಾ ಕುಡಕೊಂಡು!" ಅಂತ ನೀನು ಅಂದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದೆವು.

ನೀನು ರಂಜಾನಿಗೆ ಹುಬ್ಬಳ್ಳಿಗೆ ಹೋದಾಗ ನಾನು ಒಂದು ತಪ್ಪು ಹುಡುಕುತ್ತಿದ್ದೆ. ಪ್ರತಿ ಸಲವೂ ರಾಮಲಿಂಗಂ ಬರಲಿ ಅಂತ ಸೀಡ್ ಕೊಡುವ ಕೋಡಿನ ಸಾಲನ್ನು, ಪ್ರತಿ ದಿನಕ್ಕೂ ಮತ್ತೆ ಮತ್ತೆ ತಿರುಗುವ ಲೂಪಿನ ಒಳಗೆ ಹಾಕಿದೆ. ತಪ್ಪು ಸಿಕ್ಕಿತು, ಸಾಲನ್ನು ವಾಪಸ್ ಹೊರಗಿಡುವುದು ಮರೆತೆ. ಬೇರೆ ಬೇರೆ ಸಾವಿರ ದಿನ ಓಡಿಸಿದ್ದೇವೆ ಅಂತ ರಿಪೋರ್ಟ್ ಹೋಯಿತು. ಓಡಿದ್ದು ಅದೇ ಒಂದು ಒಳ್ಳೆಯ ದಿನ, ಸಾವಿರ ಸಲ. ಎರಡು ಕಟ್ಟೆ ಸಾಕು ಅಂದೆವು, ಧನಪಾಲ್ ಎರಡೇ ಕಟ್ಟಿಸಿದರು. ಕ್ಯಾರೆಟ್, ಬೀಟ್ರೂಟ್ ತುಂಬಿದ ಲಾರಿಗಳು ಬಿಸಿಲಲ್ಲಿ ರಸ್ತೆಯುದ್ದಕ್ಕೂ ನಿಂತವು.

ಮಂಡಿಯಿಂದ ದೂರು ಬಂದ ಮೇಲೆ ಕರೆದ ಆ ಮೀಟಿಂಗಿನಲ್ಲಿ ಪ್ರಭಾಕರನ್ ಸರ್ "ಇದು ಯಾರ ಕೋಡ್?" ಅಂತ ಕೇಳಿದಾಗ ನನಗೆ ಗೊತ್ತಿತ್ತು, ಫಾತಿಮಾ. ಚೆನ್ನಾಗಿ ಗೊತ್ತಿತ್ತು. ನೀನು ಒಮ್ಮೆ ನನ್ನ ಕಡೆ ನೋಡಿದೆ. ನಾನು ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಕೂತೆ. "ನನ್ನದೇ ಸರ್, ನಾನು ನೋಡಬೇಕಿತ್ತು" ಅಂದೆ ನೀನು. ತಿಂಗಳೊಳಗೆ ಕೆಲಸ ಬಿಟ್ಟೆ. ಗಾಂಧಿಪುರಂ ಬಸ್‌ಸ್ಟ್ಯಾಂಡಿನವರೆಗೂ ನಿನ್ನ ಬ್ಯಾಗ್ ಹೊತ್ತುಕೊಂಡು ಬಂದೆನಲ್ಲ, ಆಗಲೂ ಬಾಯಿ ಬಿಡಲಿಲ್ಲ. ಎಂಥ ಹೇಡಿ ನಾನು! ನನ್ನ ಮುಖ ನೋಡಿಕೊಳ್ಳಲು ನನಗೇ ನಾಚಿಕೆ.

ಇವತ್ತು ಬೆಳಿಗ್ಗೆ ಸರ್ ಹತ್ತಿರ ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಆಗಲೇ ಹೇಳಬೇಕಿತ್ತಮ್ಮ" ಅಂದರು. ತಪ್ಪು ನಿನ್ನದಲ್ಲ ಅಂತ ಬರೆದು ಸಹಿ ಹಾಕಿಕೊಟ್ಟಿದ್ದಾರೆ, ಇದರ ಜೊತೆ ಇಟ್ಟಿದ್ದೇನೆ. ಅದನ್ನು ಎಲ್ಲಿ ಬೇಕಾದರೂ ತೋರಿಸು. ನನ್ನ ಕೆಲಸದ ವಿಷಯ ಸೋಮವಾರ ಹೇಳುತ್ತಾರಂತೆ.

ಅಲ್ಲಿಂದ ಬಂದು 214 ಹಾಕಿ ಒಂದೇ ಒಂದು ದಿನ ಓಡಿಸಿದೆ. ಬಂದ, ನಮ್ಮ ರಾಮಲಿಂಗಂ. ಅದೇ ಅರ್ಧ ಗಂಟೆ ತಡ. ನಗೋಣ ಅಂತ ಪಕ್ಕಕ್ಕೆ ತಿರುಗಿದೆ, ನಿನ್ನ ಕುರ್ಚಿ ಖಾಲಿ. ಅವನಾದರೂ ಅರ್ಧ ಗಂಟೆಗೆ ಬಂದ. ನಾನು ಬರಲು ಆರು ತಿಂಗಳು ಬೇಕಾಯಿತು.

ಕ್ಷಮಿಸು ಅಂತ ಕೇಳುವ ಮುಖ ನನಗಿಲ್ಲ. ನೀನಿರುವಲ್ಲಿ ನಿನ್ನ ಪಕ್ಕ ಕೂತು ನಗುವವರಿರಲಿ, ಕೇಳಿದಾಗ ಬಾಯಿ ಬಿಡುವವರಿರಲಿ.

214ರಿಂದ,
ನಿನ್ನ ಜಾಸ್ಮಿನ್