ಕಿರ್ ಎನ್ನದ ಲಾರಿ

ಮನೆಯಿಂದ,
ಮಂಗಳವಾರ, ೧೨ನೇ ತಾರೀಖು

ಪ್ರೀತಿಯ ಯಜಮಾನರಿಗೆ,

ಮಂಡಿ ಹೇಗಿದೆ? ಆಪರೇಷನ್ ಮಾಡಿದ ಡಾಕ್ಟರು ಹೇಳಿದಷ್ಟೇ ನಡೆಯುತ್ತಿದ್ದೀರೋ, ಇಲ್ಲ ಅತ್ತಿಗೆಯ ಕಣ್ಣು ತಪ್ಪಿಸಿ ಬೀದಿ ಕೊನೆಯ ಗ್ಯಾರೇಜಿಗೆ ಹೋಗಿ ಕಂಡವರ ಗಾಡಿಗೆಲ್ಲ ಮೂಗು ತೂರಿಸುತ್ತಿದ್ದೀರೋ? ನಿಮ್ಮ ಅಕ್ಕನ ಮನೆಯ ಊಟ ಮೈಗೆ ಹತ್ತಿದೆಯಂತೆ, ಅತ್ತಿಗೆಯೇ ಹೇಳಿದರು. ಸಂತೋಷ. ಇಲ್ಲಿ ನಾನೂ ಮಗಳೂ ಚೆನ್ನಾಗಿದ್ದೇವೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತು ಶುರು ಮಾಡುವಷ್ಟರಲ್ಲಿ ನೀವು ಹತ್ತು ಮಾತು ಮುಗಿಸಿರುತ್ತೀರಿ. ಕಾಗದವಾದರೆ ನಡುವೆ ಬಾಯಿ ಹಾಕುವಂತಿಲ್ಲ, ಸುಮ್ಮನೆ ಓದಬೇಕು.

ವಿಷಯ ನಿಮ್ಮ ಲಾರಿಯದು. ಮೆಕ್ಯಾನಿಕ್ ಟೀ ಲೋಟ ಹಿಡಿದುಕೊಂಡೇ ದೂರದಿಂದಲೇ ಅದರ ಕಿರ್ ಸದ್ದು ಕೇಳಿ, ಮುಂಭಾಗ ಪೂರ್ತಿ ಹೋಗಿದೆ ಅಂದ. ನೀವು ಹೂಂ ಅಂದು, ಗುರುವಾರ ಬಂದು ನೋಡು ಅಂತ ಗುಜರಿಯವನಿಗೆ ಹೇಳಿ ಬಸ್ಸು ಹತ್ತಿದಿರಿ. ಹತ್ತುವಾಗ ಮಗಳಿಗೆ ಹೇಳಿದ ಮಾತು ನೆನಪಿದೆಯೇ? “ಕಿರುಗುಟ್ಟೋ ಗಾಡೀನ ನಿನ್ನ ಕೈಗೆ ಕೊಡಲ್ಲ, ಮುಂದಿನ ಚಕ್ರ ಯಾವತ್ತು ಕೈಕೊಡುತ್ತೋ!” ದೊಡ್ಡ ಗಾಡಿಯ ಲೈಸೆನ್ಸ್ ತೆಗೆದುಕೊಂಡು ಹುಡುಗಿ ಕಾಯುತ್ತಲೇ ಇದ್ದಾಳೆ. ಕೇಳಿದಾಗಲೆಲ್ಲ ನಿಮ್ಮದು ಅದೇ ನೆಪ, ಆ ಸದ್ದು. ನೀವು ಹೋದ ಮೇಲೆ ಅವಳು ಮುಖ ಊದಿಸಿಕೊಂಡು ಲಾರಿಯ ಮೆಟ್ಟಿಲ ಮೇಲೆ ಕೂತಿದ್ದು ನೋಡಿ ನನಗೆ ಕರುಳು ಚುರುಕ್ಕೆಂದಿತು. ಆ ಸದ್ದು ಎಲ್ಲಿಂದ ಬರುತ್ತೆ ಅಂತ ಯಾರೂ ಬಗ್ಗಿ ನೋಡಿಲ್ಲವಲ್ಲ, ನಾವೇ ನೋಡಿಬಿಡೋಣ ಏಳು ಅಂದೆ.

ಚಕ್ರಗಳಿಗೆ ಕಲ್ಲು ಕೊಟ್ಟೆವು. ಮಗಳು ಬಂಪರ್ ಹತ್ತಿ ಕುಣಿದಳು. ಲಾರಿ ಕ್ಯಾರೇ ಅನ್ನಲಿಲ್ಲ. ಆಗ ನಿಮ್ಮ ತಮ್ಮನನ್ನು ಕರೆಸಿದೆ. ಬಟ್ಟೆ ಹೊಲಿಯುತ್ತಾ ಕೂತಲ್ಲೇ ಕೂತು ಮೈದುನರು ಗಳಿಸಿದ ತೂಕ ಕೊನೆಗೂ ಉಪಯೋಗಕ್ಕೆ ಬಂತು. ಅವರು ಬಂಪರ್ ಮೇಲೆ ಒಮ್ಮೆ ಕುಕ್ಕಿದ್ದೇ ತಡ, ಕಿರ್! “ಸಾಕಾ ಅತ್ತಿಗೆ?” ಅಂತ ಅವರು, ಇನ್ನೊಂದೇ ಸಲ ಅಂತ ನಾನು. ಪಾಪ, ಅಂಗಿಯೆಲ್ಲ ಬೆವರಲ್ಲಿ ಒದ್ದೆ. ಮಗಳು ಸ್ಟಿಯರಿಂಗ್ ಆ ಕಡೆ ಈ ಕಡೆ ತಿರುಗಿಸಿದರೆ ಸದ್ದಿಲ್ಲ. ಹಾಗಾದರೆ ಚಕ್ರ ತಿರುಗಿಸುವ ಕೀಲು, ನಿಮ್ಮ ಅನುಮಾನದ ಆ ಕಿಂಗ್ ಪಿನ್ ಅಲ್ಲ. ಶಾಕ್ ಅಬ್ಸಾರ್ಬರ್ ಮೇಲೆ ಕೈಯಿಟ್ಟು ನೋಡಿದೆ, ಅದೂ ಅಲ್ಲ. ಕಿವಿಗೆ ಮಾತ್ರ ಬಲಗಡೆಯಿಂದಲೇ ಬಂದ ಹಾಗೆ. ಕಬ್ಬಿಣದಲ್ಲಿ ಸದ್ದು ಹರಿದಾಡುತ್ತದೆ, ಕಿವಿ ಹೇಳಿದ್ದನ್ನು ನಂಬುವ ಹಾಗಿಲ್ಲ. ಕೊನೆಗೆ ಚೊಂಬಿನಲ್ಲಿ ನೀರು ತಂದು ಒಂದೊಂದು ಕೀಲಿಗೂ ಸುರಿಯುತ್ತಾ ಬಂದೆ. ನಾನು ಸುರಿಯುವುದು, ಮೈದುನರು ಕುಕ್ಕುವುದು. ಎಡಗಡೆ ಸ್ಪ್ರಿಂಗ್ ಪಟ್ಟಿಯ ಹಿಂದಿನ ತುದಿಗೆ ಸುರಿದೆ ನೋಡಿ, ಲಾರಿ ಬಾಯಿ ಮುಚ್ಚಿತು! ಒಣಗಿದ ಮೇಲೆ ಮತ್ತೆ ಕಿರ್. ಮತ್ತೆ ಸುರಿದೆ, ಮತ್ತೆ ಗಪ್‌ಚಿಪ್. ಮಗಳು ಕಿರುಚಿದ್ದು ಕೇಳಿ ಪಕ್ಕದ ಮನೆಯವರು ಏನಾಯಿತೋ ಎಂದು ಓಡಿ ಬಂದರು.

ಈಗ ಕೋಪ ಮಾಡಿಕೊಳ್ಳದೆ ಓದಿ. ಆ ತುದಿಯಲ್ಲಿ ಕಬ್ಬಿಣಕ್ಕೆ ಕಬ್ಬಿಣ ತಿಕ್ಕದ ಹಾಗೆ ಒಂದು ರಬ್ಬರ್ ಬಳೆ, ಬುಷ್ ಅಂತಾರೆ, ಕೂತಿರುತ್ತದೆ. ರಜೆ ಸಿಕ್ಕಿದಾಗಲೆಲ್ಲ ನೀವು ಎಣ್ಣೆ ಡಬ್ಬಿ ಹಿಡಿದು, ಹಸುಗೂಸಿಗೆ ಹಚ್ಚುವಷ್ಟು ಅಕ್ಕರೆಯಿಂದ ಎಣ್ಣೆ ಕುಡಿಸುತ್ತಿದ್ದಿರಲ್ಲ, ಅದಕ್ಕೇ! ಮಂಡಿ ನೋವಿಗೆ ಪೂರ್ತಿ ಬಗ್ಗಲಾರದೆ ಕೈಗೆ ಸಿಕ್ಕಿದ ಆ ಒಂದಕ್ಕೇ ಎಲ್ಲ ಎಣ್ಣೆ. ಎಣ್ಣೆ ರಬ್ಬರನ್ನು ತಿಂದುಹಾಕುತ್ತದಂತೆ. ಅದು ಊದಿ, ಹರಿದು, ಕಿರ್ ಅನ್ನತೊಡಗಿದೆ. ಕಿರ್ ಅಂದಷ್ಟೂ ನೀವು ಹಚ್ಚಿದಿರಿ, ಹಚ್ಚಿದಷ್ಟೂ ಅದು ಕಿರ್ ಅಂದಿತು. ನನಗೊಮ್ಮೆಯಾದರೂ ತಲೆಗೆ ಅಷ್ಟು ಎಣ್ಣೆ ಹಚ್ಚಿದ್ದರೆ ಪುಣ್ಯ ಬರುತ್ತಿತ್ತು. ಮೆಕ್ಯಾನಿಕ್‌ನನ್ನು ಕರೆಸಿ ಅದನ್ನು ಬಿಚ್ಚಿಸಿದೆ, ಊದಿದ ಹಳೆಯದು ಕೈಗೆ ಬಂದಾಗ ತಲೆ ಕೆರೆದುಕೊಂಡ. ಎರಡೂ ಕಡೆ ಹೊಸ ಬುಷ್ ಹಾಕಿ, ಜ್ಯಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರಗಳನ್ನು ಹಿಡಿದು ಅಲ್ಲಾಡಿಸಿದ. ಒಂದು ಕೂದಲೆಳೆಯಷ್ಟೂ ಆಡಲಿಲ್ಲ. ಮುಂಭಾಗ ಗಟ್ಟಿಮುಟ್ಟಾಗಿದೆ ಅಂತ ಅವನ ಬಾಯಿಂದಲೇ ಹೇಳಿಸಿದ್ದೇನೆ.

ಆಮೇಲೆ ಮಗಳು ಓಡಿಸಿದಳು. ಶಾಲೆಯ ಮುಂದಿನ ಉಬ್ಬುಗಳನ್ನೆಲ್ಲ ನಿಮಗಿಂತ ನಿಧಾನವಾಗಿ ದಾಟಿದಳು, ಲಾರಿ ಪಿಟಕ್ ಅನ್ನಲಿಲ್ಲ. ಪಕ್ಕದಲ್ಲಿ ಕೂತ ನನಗೆ ಹೆಮ್ಮೆಯಲ್ಲಿ ಕಣ್ಣು ತುಂಬಿತು, ಧೂಳು ಅಂತ ಸುಳ್ಳು ಹೇಳಿದೆ. ಒಂದೇ ಬೇಜಾರು. ನಮ್ಮ ಬೀದಿಯ ತಿರುವಿನಲ್ಲಿ ಆ ಕಿರ್ ಕೇಳಿಸಿದರೆ ನಾನು ಎದ್ದು ಒಲೆಯ ಮೇಲೆ ನೀರಿಡುತ್ತಿದ್ದೆ. ನೀವು ಬಂದಾಗಲೆಲ್ಲ ಬಿಸಿನೀರು ಸಿದ್ಧವಿರುತ್ತಿದ್ದದ್ದು ಹಾಗೆ. ನಿನ್ನೆ ಮಗಳು ಗಾಡಿ ತಂದು ಬಾಗಿಲ ಮುಂದೆ ನಿಲ್ಲಿಸಿದರೂ ನನಗೆ ತಿಳಿಯಲಿಲ್ಲ.

ಅತ್ತಿಗೆಗೆ ನನ್ನ ನಮಸ್ಕಾರ ಹೇಳಿ, ಅವರು ಕೊಟ್ಟ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಡದೆ ನುಂಗಿ. ದೇವರು ನಿಮ್ಮ ಮಂಡಿಗೂ ಒಂದು ಹೊಸ ಬುಷ್‌ನ ಬಲ ಕೊಡಲಿ.

ಇಂತಿ,
ನಿಮ್ಮ ಲಾರಿಯ ಸವತಿ

ಅಂದ ಹಾಗೆ: ಗುಜರಿಯವನಿಗೆ ಬರಬೇಡ ಅಂದಾಯಿತು. ಭಾನುವಾರ ನೀವು ಹೊರಡಬಹುದು ಅಂತ ಡಾಕ್ಟರು ಹೇಳಿದ್ದಾರಂತೆ, ಬಸ್ಸಿನ ಟಿಕೆಟ್ ತೆಗೆಸಬೇಡಿ. ಮಗಳು ಲಾರಿ ತರುತ್ತಾಳೆ, ಪಕ್ಕದಲ್ಲಿ ನಾನಿರುತ್ತೇನೆ. ನೀವು ಹತ್ತುವುದಕ್ಕೆ ಮೈದುನರು ಅಂಗಡಿಯ ಸ್ಟೂಲು ಕೊಟ್ಟಿದ್ದಾರೆ. ಬೇಡ ಅನ್ನಲು ಹೊಸ ನೆಪವಿದ್ದರೆ ಅಷ್ಟರೊಳಗೆ ಹುಡುಕಿಕೊಳ್ಳಿ. ಲಾರಿ ಬಂದರೆ ಸದ್ದು ಕೇಳಿಸುತ್ತದಲ್ಲ ಅಂತ ಮಾತ್ರ ಒಳಗೆ ಮಲಗಿರಬೇಡಿ, ಕೇಳಿಸುವುದಿಲ್ಲ. ಇಷ್ಟು ವರ್ಷ, ಆ ಕಿರ್ ಕೇಳುವವರೆಗೂ ನಾನು ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಒಂದು ದಿನ ನೀವೂ ಕೂತು ದಾರಿ ನೋಡಿ.